ಗೋಡೆಯ ಸಾಕೆಟ್‌ನಿಂದ ಸ್ವಿಚ್ ಪೋರ್ಟ್‌ವರೆಗೆ: ವೈರು ಹುಡುಕುವುದು ಹೇಗೆ?

ಬಾಗಲಕೋಟೆಯ ನವನಗರದಲ್ಲಿ ಮನೆ ಹುಡುಕುವುದು ಸಲೀಸು. ಆಲಮಟ್ಟಿ ಹಿನ್ನೀರಿಗೆ ಊರು ಬಿಟ್ಟವರಿಗಾಗಿ ಕಟ್ಟಿದ ಬಡಾವಣೆ ಇದು, ಸೆಕ್ಟರ್‌ಗಳಿಗೆಲ್ಲ ನಂಬರ್ ಇದೆ. ಆದರೆ ಇಲ್ಲಿ ನಾನು ತೆರೆದ, ಕಂಪ್ಯೂಟರ್ ವೈರುಗಳೆಲ್ಲ ಬಂದು ಸೇರುವ ನೆಟ್‌ವರ್ಕ್ ರ‍್ಯಾಕ್‌ಗಳಲ್ಲಿ ಹೆಚ್ಚಿನವಕ್ಕೆ ನಂಬರೂ ಇಲ್ಲ, ಹೆಸರೂ ಇಲ್ಲ. 24 ನೀಲಿ ವೈರು, ಅಷ್ಟೇ.

ಹಾಗಂತ ಒಂದೊಂದೇ ಕಿತ್ತು ನೋಡಬೇಡಿ. ಒಮ್ಮೆ ಒಂದು ಅಂಗಡಿಯಲ್ಲಿ ಪ್ರಿಂಟರ್‌ನದೆಂದು ನಾನು ಕಿತ್ತದ್ದು ಬಿಲ್ಲಿಂಗ್ ಕಂಪ್ಯೂಟರ್‌ನ ವೈರು. ಸಂತೆಯ ದಿನ, ಕೌಂಟರ್ ಮುಂದೆ ಸಾಲು. ಬಸ್ಸಿಗೆ ಹೊತ್ತಾಯಿತೆಂದು ಅಜ್ಜಿಯೊಬ್ಬರು ಸಾಮಾನು ಅಲ್ಲೇ ಇಟ್ಟು ಹೋದರು. ಅದು ಇನ್ನೂ ನೆನಪಿದೆ.

ಮೊದಲು ಸ್ವಿಚ್, ಅಂದರೆ ಆ ವೈರುಗಳನ್ನು ಒಂದಕ್ಕೊಂದು ಜೋಡಿಸುವ ಡಬ್ಬಿ, ಯಾವ ಬಗೆಯದೆಂದು ನೋಡಿ. ವೈರು ಸಿಕ್ಕಿಸುವ ಅದರ ಒಂದೊಂದು ಕಿಂಡಿಯೂ ಒಂದು ಪೋರ್ಟ್. ಬ್ರೌಸರ್‌ನಲ್ಲಿ ಲಾಗಿನ್ ಆಗುವಂಥದ್ದಾದರೆ ಅರ್ಧ ಕೆಲಸ ಮುಗಿದಂತೆ. ಪ್ರತಿ ಸಾಧನಕ್ಕೂ ಅದರ ಗುರುತಾಗಿ 12 ಅಕ್ಷರ-ಅಂಕಿಗಳ ಮ್ಯಾಕ್ ವಿಳಾಸ ಇರುತ್ತದೆ. ಪ್ರಿಂಟರ್, ಕ್ಯಾಮೆರಾಗಳಲ್ಲಿ ಸಾಮಾನ್ಯವಾಗಿ ಸ್ಟಿಕರ್ ಮೇಲೇ ಇರುತ್ತದೆ. ವಿಂಡೋಸ್ ಕಂಪ್ಯೂಟರ್ ಆದರೆ ಕಮಾಂಡ್ ಪ್ರಾಂಪ್ಟ್‌ನಲ್ಲಿ ಗೆಟ್‌ಮ್ಯಾಕ್ (getmac) ಎಂದು ಟೈಪ್ ಮಾಡಿ. ಅದೇ ವಿಳಾಸವನ್ನು ಸ್ವಿಚ್‌ನ ಮ್ಯಾಕ್ ಟೇಬಲ್‌ನಲ್ಲಿ ಹುಡುಕಿದರೆ ಪಕ್ಕದಲ್ಲೇ ಪೋರ್ಟ್ ನಂಬರ್ ಸಿಗುತ್ತದೆ. ಸಿಗಲಿಲ್ಲವೇ? ಸುಮ್ನೆ ಕೂತ ಸಾಧನವನ್ನು ಸ್ವಿಚ್ ಮರೆಯುತ್ತದೆ, ಬಹಳಷ್ಟು ಸ್ವಿಚ್‌ಗಳಲ್ಲಿ 300 ಸೆಕೆಂಡಿಗೆ. ಆ ಸಾಧನಕ್ಕೆ ಪಿಂಗ್ (ಉತ್ತರ ಕೇಳುವ ಪುಟ್ಟ ಸಂದೇಶ) ಕಳಿಸಿ ಮತ್ತೆ ನೋಡಿ. ಒಂದೇ ಪೋರ್ಟ್‌ನಲ್ಲಿ ಹತ್ತಾರು ವಿಳಾಸ ಕಂಡರೆ ಅದರಾಚೆ ಬಹುಶಃ ಇನ್ನೊಂದು ಸ್ವಿಚ್ ಇದೆ. ಅಲ್ಲಿಗೆ ಹೋಗಿ ಇದೇ ಕೆಲಸ ಮಾಡಿ.

ಲಾಗಿನ್ ಇಲ್ಲದ ಸಾದಾ ಸ್ವಿಚ್‌ಗೆ ಇಬ್ಬರು, ಎರಡು ಮೊಬೈಲ್ ಸಾಕು. ಒಬ್ಬರು ಸಾಧನದ ವೈರು ತೆಗೆದು ಹಾಕುತ್ತಿರಬೇಕು, ಇನ್ನೊಬ್ಬರು ರ‍್ಯಾಕ್ ಮುಂದೆ ದೀಪ ನೋಡುತ್ತಿರಬೇಕು.

“ಆರಿತೇನ್ರೀ?”

“ಹ್ಞೂಂ ರೀ, ಏಳನೇದು.”

ಕಂಪ್ಯೂಟರ್ ಆಫ್ ಮಾಡಿದರೆ ಸಾಲದು. ಆಫ್ ಆದಮೇಲೂ ಎಷ್ಟೋ ಕಂಪ್ಯೂಟರ್‌ಗಳ ಪೋರ್ಟ್ ದೀಪ ಉರಿಯುತ್ತಲೇ ಇರುತ್ತದೆ.

ಇನ್ನು ಸ್ವಿಚ್‌ಗೆ ಸೇರದೆ ರ‍್ಯಾಕ್‌ನಲ್ಲಿ ಜೋತುಬಿದ್ದ ವೈರುಗಳು. ಇವಕ್ಕೆ ದೀಪವೂ ಇಲ್ಲ, ಟೇಬಲ್ಲೂ ಇಲ್ಲ. ಇಲ್ಲಿ ವೈರ್ ಟ್ರ್ಯಾಕರ್ ಬೇಕು: ಒಂದು ಡಬ್ಬಿ ವೈರಿಗೆ ಸಿಗ್ನಲ್ ಕಳಿಸುತ್ತದೆ, ಇನ್ನೊಂದು ಅದನ್ನು ಹಿಡಿದು ಕೂಗುತ್ತದೆ. ದುಬಾರಿಯದು ಬೇಡ, ಸಾದಾ ಜೋಡಿ ಸಾಕು. ಒಂದು ಡಬ್ಬಿಯನ್ನು ಗೋಡೆಯ ಸಾಕೆಟ್‌ಗೆ ಸಿಕ್ಕಿಸಿ. ಇನ್ನೊಂದರ ಮೂತಿಯನ್ನು ರ‍್ಯಾಕ್‌ನ ವೈರುಗಳ ಮೇಲೆ ಆಡಿಸಿ. ಪಕ್ಕದ ವೈರುಗಳೂ ಕುಂಯ್‌ಗುಡುತ್ತವೆ, ಮೋಸ ಹೋಗಬೇಡಿ. ಸೌಂಡ್ ಕಡಿಮೆ ಮಾಡಿ, ಕಟ್ಟಿನಿಂದ ಒಂದೊಂದೇ ವೈರನ್ನು ಬೆರಳಲ್ಲಿ ಬಿಡಿಸಿ, ಪ್ಲಗ್‌ನ ಬುಡಕ್ಕೆ ಮೂತಿ ತಾಗಿಸಿ. ಜಾಸ್ತಿ ಜೋರಾಗಿ ಕೂಗುವುದೇ ನಿಮ್ಮದು. ಒಂದೇ ಎಚ್ಚರ: ಅದೇ ವೈರಿನಲ್ಲಿ ಕರೆಂಟ್ ಪಡೆಯುವ ಕ್ಯಾಮೆರಾ, ಫೋನ್‌ಗಳ ಲೈನಿಗೆ ಸಾದಾ ಟ್ರ್ಯಾಕರ್ ಹಾಕಬೇಡಿ, ಸುಟ್ಟೀತು. ಅವನ್ನು ಮ್ಯಾಕ್ ವಿಳಾಸದಿಂದ ಅಥವಾ ದೀಪದಿಂದಲೇ ಹುಡುಕಿ.

ಸಿಕ್ಕ ಕೂಡಲೇ, ಮುಂದಿನದಕ್ಕೆ ಹೋಗುವ ಮೊದಲೇ, ವೈರಿನ ಎರಡೂ ತುದಿಗೆ ಒಂದೇ ನಂಬರ್ ಅಂಟಿಸಿ. ಕೂರುವವರ ಹೆಸರು ಬರೆಯಬೇಡಿ, ಜನ ಜಾಗ ಬದಲಿಸುತ್ತಾರೆ. ಕೋಣೆ ನಂಬರ್, ಸಾಕೆಟ್ ನಂಬರ್ ಬರೆಯಿರಿ. ನಮ್ಮ ಬೇಸಿಗೆಗೆ ಬರೀ ಕಾಗದದ ಸ್ಟಿಕರ್ ಉದುರುತ್ತದೆ, ಮೇಲೊಂದು ಸುತ್ತು ಪಾರದರ್ಶಕ ಟೇಪ್ ಹಾಕಿ. ಪೂರ್ತಿ ಪಟ್ಟಿಯನ್ನು ರ‍್ಯಾಕ್ ಬಾಗಿಲಿನ ಒಳಗಡೆ ಅಂಟಿಸಿ, ಕೆಳಗೆ ತಾರೀಖು ಹಾಕಿ.