'ಇನ್ಕೊಟಾನ್ಯಿ' ಅಂದರೆ ಯಾರು?

ಮಡಿಕೇರಿ ಕೋರ್ಟಲ್ಲಿ ನನ್ನ ಕೈಗೆ ಬರುವುದು ಜಾಸ್ತಿ ಜಮ್ಮಾ ಬಾಣೆ ಜಮೀನಿನ ತಕರಾರು, ಪಾಲಿನ ದಾವೆ. ನರಮೇಧದ ಕೇಸು ಹಿಡಿದದ್ದು ಒಂದೇ ಸಲ, ಅದೂ ಅಣಕು ನ್ಯಾಯಾಲಯಕ್ಕೆ. ನಾಲ್ಕು ಜನ ಲಾ ವಿದ್ಯಾರ್ಥಿಗಳಿಗೆ ಪ್ರಾಸಿಕ್ಯೂಷನ್ ಕಡೆಯ ತಯಾರಿ ಮಾಡಿಸಬೇಕಿತ್ತು. ರುವಾಂಡಾದ ಟಾಬಾದಲ್ಲಿ ಮೇಯರ್ ಆಗಿದ್ದ ಜಾನ್ ಪಾಲ್ ಅಕಾಯೆಸು ಪ್ರಕರಣ ತೆಗೆದುಕೊಂಡೆವು. ಅಂತರರಾಷ್ಟ್ರೀಯ ಕೋರ್ಟೊಂದು ವಿಚಾರಣೆ ನಡೆಸಿ ನರಮೇಧದ ಅಪರಾಧಿ ಎಂದ ಮೊದಲ ಮನುಷ್ಯ ಇವನೇ. ತೀರ್ಪು ಬಂದದ್ದು 1998ರ ಸೆಪ್ಟೆಂಬರ್ 2ರಂದು, ಟಾಂಜಾನಿಯಾದ ಅರುಷಾದಲ್ಲಿ.

ಮೊದಲ ವಾರ ನಾನೇ ದಾರಿ ತಪ್ಪಿಸಿದೆ. ಸತ್ತವರ ಲೆಕ್ಕ ಹಾಕಿಸಿದೆ. ಟಾಬಾದಲ್ಲಿ ಸತ್ತದ್ದು ಟುಟ್ಸಿ ಜನಾಂಗದ ಕನಿಷ್ಠ 2,000 ಜನ ಎಂದು ಆರೋಪಪಟ್ಟಿ ಹೇಳುತ್ತದೆ. ಜಡ್ಜ್ ಪಾತ್ರದ ಹುಡುಗಿ ಸುಮ್ನೆ ಕೇಳಿದಳು: "ಮೇಡಂ, ಇದು ಕೊಲೆ ಅಲ್ವಾ? ನರಮೇಧ ಹೇಗೆ?"

ಸರಿಯಾದ ಪ್ರಶ್ನೆ. 1948ರ ನರಮೇಧ ತಡೆ ಒಪ್ಪಂದಕ್ಕೆ ಹೆಣದ ಲೆಕ್ಕ ಸಾಲದು. ರಾಷ್ಟ್ರ, ಬುಡಕಟ್ಟು, ಜನಾಂಗ ಇಲ್ಲವೇ ಧರ್ಮದ ಒಂದು ಗುಂಪನ್ನು, ಆ ಗುಂಪು ಅನ್ನುವ ಕಾರಣಕ್ಕೇ, ಪೂರ್ತಿಯಾಗಿಯೋ ಭಾಗಶಃವೋ ಅಳಿಸುವ ಉದ್ದೇಶ ತೋರಿಸಬೇಕು. ಅದನ್ನು ಯಾರು ಬರೆದಿಟ್ಟು ಹೋಗುತ್ತಾರೆ?

ಅದನ್ನು ಹುಡುಕಲು ಮನೆಯ ಕಾಫಿ ಕಣದಲ್ಲಿ ಘಟನೆಗಳ ದಿನಾಂಕದ ಚೀಟಿಗಳನ್ನು ಸಾಲಾಗಿ ಹರಡಿದೆವು. ಗಾಳಿಗೆ ಹಾರದ ಹಾಗೆ ಒಂದೊಂದರ ಮೇಲೂ ಒಂದು ಕಿತ್ತಳೆ. 1994ರ ಏಪ್ರಿಲ್ 18ರವರೆಗೆ ಅಕಾಯೆಸು ಕೊಲೆಗಳನ್ನು ತಡೆಯಲು ನೋಡಿದ್ದ. ಅಂದು ಸರ್ಕಾರದ ನಾಯಕರ ಸಭೆಗೆ ಹೋಗಿ ಬಂದ. ಮಾರನೆಯ ದಿನ ಬೆಳಗಿನ ಜಾವ ಜನರನ್ನು ಸೇರಿಸಿ, 'ಇನ್ಕೊಟಾನ್ಯಿ'ಗಳ ಜೊತೆಗಾರರನ್ನು ಮುಗಿಸಿ ಎಂದ.

ಅದು ಸರ್ಕಾರದ ವಿರುದ್ಧ ಹೋರಾಡುತ್ತಿದ್ದ ಬಂಡುಕೋರರ ಹೆಸರು, ಯುದ್ಧದ ಮಾತು ಅಂತ ಡಿಫೆನ್ಸ್ ಹುಡುಗ ಪಟ್ಟು ಹಿಡಿದ. ಅಲ್ಲಿಗೇ ಕೇಸು ಬಿದ್ದಂತೆ ಕಂಡಿತು. ಆದರೆ ಕೇಳಿದವರ ಕಿವಿಗೆ ಅದು 'ಟುಟ್ಸಿ' ಎಂದೇ ಬಿತ್ತು, ಅದು ಅವನಿಗೂ ಗೊತ್ತಿತ್ತು ಎಂದು ಕೋರ್ಟು ಒಪ್ಪಿತು. ರುವಾಂಡಾದ ಭಾಷೆ ಕಿನ್ಯಾರ್ವಾಂಡಾ ಬಲ್ಲ ಭಾಷಾತಜ್ಞರೊಬ್ಬರು ಸಾಕ್ಷಿ ಹೇಳಿದ್ದರು. ನನ್ನ ಲೆಕ್ಕದಲ್ಲಿ ಕಣ್ಣಾರೆ ಕಂಡವರಷ್ಟೇ ತೂಕ ಆ ಸಾಕ್ಷಿಗೂ ಇದೆ.

ಅತ್ಯಾಚಾರದ ಆರೋಪ ಮೊದಲು ಇರಲೇ ಇಲ್ಲ. ಸಾಕ್ಷಿ ಹೆಂಗಸರು ಬಾಯಿಬಿಟ್ಟ ಮೇಲೆ 1997ರ ಜೂನ್‌ನಲ್ಲಿ ಸೇರಿತು. ಕೊನೆಗೆ ಅದೂ ನರಮೇಧದ ಭಾಗ ಎಂದೇ ತೀರ್ಪಾಯಿತು. ನಮ್ಮ ಹುಡುಗರು ಅಂಥ ಸಾಕ್ಷಿ ಹೆಂಗಸಿಗೆ ಕೇಳಲು ಬರೆದ ಹದಿನೆಂಟು ಪ್ರಶ್ನೆಗಳಲ್ಲಿ ಹನ್ನೊಂದನ್ನು ಹೊಡೆದು ಹಾಕಿದೆ.

ಕೊನೆಯ ದಿನ ಒಬ್ಬ ಕೇಳಿದ: "ಹಾಗಾದರೆ ಟಿಪ್ಪು ಕಾಲದ ದೇವಟ್ಟಿಪರಂಬು?" ಕೊಡವರ ಹತ್ಯೆ ನಡೆಯಿತು ಎನ್ನುವ ಕೊಡಗಿನ ಜಾಗ ಅದು. ಈ ಪ್ರಶ್ನೆ ಬರುತ್ತದೆ ಅಂತ ಗೊತ್ತಿತ್ತು. ಕಟಕಟೆಗೆ ಬದುಕಿರುವ ಆರೋಪಿ ಬೇಕು, ಆಗ ಆ ಕಾನೂನೂ ಜಾರಿಯಲ್ಲಿ ಇರಬೇಕು ಎಂದೆ. ಅವನು ಒಪ್ಪಲಿಲ್ಲ. ಏಪ್ರಿಲ್ 18ರ ಮೇಲಿದ್ದ ಕಿತ್ತಳೆ ಎತ್ತಿಕೊಂಡು ಸುಲಿಯತೊಡಗಿದ.