ಮುದ್ದೆ ತೂಗಿದ ಕಥೆ

ಮಂಡ್ಯ ಸೀಮೆಯಲ್ಲಿ ಯಾರನ್ನಾದರೂ "ರಾತ್ರಿ ಎಷ್ಟು ಊಟ ಮಾಡಿದಿರಿ?" ಅಂತ ಕೇಳಿ ನೋಡಿ. "ಒಂದ್ ಮುದ್ದೆ" ಅನ್ನುತ್ತಾರೆ. ಆ ಒಂದು ಮುದ್ದೆ ಎಷ್ಟು ದೊಡ್ಡದು ಅಂತ ಕಂಡುಹಿಡಿಯಲು ನನಗೆ ಹತ್ತಿರ ಹತ್ತಿರ ಎರಡು ವರ್ಷ ಹಿಡಿಯಿತು.

ಊಟ, ಮೈಕೆಲಸ, ಸಕ್ಕರೆ ಕಾಯಿಲೆ, ಈ ಮೂರರ ಸರ್ವೇ ನಮ್ಮದು. ಪಾಂಡವಪುರದ ಕಡೆ ಎರಡು ಹಳ್ಳಿ, ನೂರೈವತ್ತು ಚಿಲ್ಲರೆ ಮನೆ. ಹಿಂದಿನ ದಿನ ಏನು, ಎಷ್ಟು ಉಂಡರು ಅಂತ ನೆನಪಿಸಿ ಬರೆದುಕೊಳ್ಳುವುದು ಕಷ್ಟದ ಕೆಲಸ. ಅಳತೆ ತೋರಿಸಿ ಕೇಳಲು ಕೈಗೆ ಕಪ್ಪು, ಸ್ಪೂನು, ಫೋಟೋ ಆಲ್ಬಂ ಕೊಟ್ಟಿದ್ದರು. ಅನ್ನ, ಸಾರಿಗೆ ಹೇಗೋ ನಡೆಯಿತು. ಮುದ್ದೆ ಫೋಟೋ ತೋರಿಸಿದರೆ ಗಂಡಸರು ಚಿಕ್ಕದರ ಮೇಲೆ ಬೆರಳಿಡುತ್ತಿದ್ದರು. ಒಳಗಿನಿಂದ ಹೆಂಡತಿ ನಗುವುದು ಕೇಳಿಸುತ್ತಿತ್ತು.

ಮುದ್ದೆಯ ಮಾದರಿಯನ್ನೇ ಹೊತ್ತುಕೊಂಡು ಹೋಗೋಣ ಅಂದೆ. ಲೆಕ್ಕ ನೋಡುವ ಸಾರ್ ಒಬ್ಬರು "ಏನ್ರೀ ಮಕ್ಕಳಾಟ" ಅಂದರು. ದುಡ್ಡೂ ಸಿಗಲಿಲ್ಲ.

ಮೊದಲು ಗೋಧಿ ಹಿಟ್ಟಿನ ಉಂಡೆ ಮಾಡಿದೆ. ಮೂರನೇ ದಿನಕ್ಕೆ ಬೂಷ್ಟು. ಆಮೇಲೆ ಜೇಡಿಮಣ್ಣು. ಬಸ್ಸಿನಲ್ಲಿ ಅರ್ಧ ಸೆಟ್ ಪುಡಿಯಾಯಿತು. ಮೂರನೇ ಸಲ ಟೈಲರ್ ಹತ್ತಿರ ದುಂಡಗೆ ಬಟ್ಟೆ ಚೀಲ ಹೊಲಿಸಿ ಮರಳು ತುಂಬಿದೆ. ನೋಡಲು ಥೇಟ್ ಮುದ್ದೆ. ಆದರೂ ಎಲ್ಲ ಮನೆಯಲ್ಲೂ ಲೆಕ್ಕ ಕಡಿಮೆಯೇ ಬರುತ್ತಿತ್ತು. ಐದಾರು ವಾರ ತಲೆ ಕೆಡಿಸಿಕೊಂಡೆ.

ಗುಟ್ಟು ಬಿಡಿಸಿದ್ದು ಒಬ್ಬರು ಅಜ್ಜಿ. ಉಂಡೆಗಳನ್ನು ಅವರು ನೋಡಲೇ ಇಲ್ಲ. ಒಂದೊಂದನ್ನೇ ಅಂಗೈ ಮೇಲಿಟ್ಟು ಮೆಲ್ಲಗೆ ಆಡಿಸಿದರು. "ಇದು ನನ್ ಮಗಂದು, ಇದು ಸೊಸೆದು." ನೋಡಿ ಹೇಳಿ ಅಜ್ಜಿ ಅಂದರೆ, "ಮುದ್ದೆ ಕಟ್ಟೋಳ್ಗೆ ಕಣ್ಯಾಕಪ್ಪ, ಕೈ ಇಲ್ವಾ?" ಅಂದರು. ಮರಳು ಮುದ್ದೆಗಿಂತ ಭಾರ. ಕೈಗೆ ಸರಿ ಅನ್ನಿಸಿದ ಉಂಡೆ ಗಾತ್ರದಲ್ಲಿ ಚಿಕ್ಕದು. ನಾನು ಬರೆದುಕೊಳ್ಳುತ್ತಿದ್ದುದು ಗಾತ್ರದ ಲೆಕ್ಕ.

ಅಂದಿನಿಂದ ತಿಂದವರನ್ನು ಕೇಳುವುದು ಬಿಟ್ಟೆ, ಕಟ್ಟಿದವರನ್ನು ಕೇಳಿದೆ. ಗಾತ್ರವೂ ತೂಕವೂ ಎರಡೂ ಮುದ್ದೆಯಂತೆ ಇರುವ ಆರು ಉಂಡೆ ಮಾಡಿದೆ, 200 ಗ್ರಾಂನಿಂದ 450ರವರೆಗೆ. ಒಳಗೆ ಏನು ತುಂಬಿದ್ದೇನೆ ಅಂತ ಮಾತ್ರ ಇಲ್ಲಿ ಹೇಳಲ್ಲ. ಬಟ್ಟೆ, ಹೊಲಿಗೆ, ಅಡುಗೆ ತಕ್ಕಡಿ ಎಲ್ಲ ಸೇರಿ ಎರಡು ಸಾವಿರ ನನ್ನ ಜೇಬಿನದು.

ಇಪ್ಪತ್ತೈದು ಮನೆಯಲ್ಲಿ ಮುದ್ದೆ ತೊಳಸುವ ಹೊತ್ತಿಗೇ ಹೋಗಿ, ತಟ್ಟೆಗೆ ಬಿದ್ದದ್ದನ್ನು ತೂಗಿ, ಮಾರನೇ ದಿನ ಬೇರೆ ಹುಡುಗನನ್ನು ಕಳಿಸಿ ಕೇಳಿಸಿದೆ. ಆಲ್ಬಂ ತೋರಿಸಿದಾಗ ಮುದ್ದೆಗೆ 90 ಗ್ರಾಂ ಆಚೆ ಈಚೆ. ನನ್ನ ಉಂಡೆಯಲ್ಲಿ 25ರ ಸುಮಾರು. ಆ ಸಾರ್ ಹಾಳೆಯನ್ನು ಎರಡು ಸಲ ತಿರುವಿ ನೋಡಿದರು.

ಇನ್ನೊಂದು ಎಡವಟ್ಟು. ಹೈದರಾಬಾದಿನ ಎನ್‌ಐಎನ್ ಅಂದರೆ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಆಹಾರ ಪಟ್ಟಿಯಲ್ಲಿ ಇರುವುದು ರಾಗಿ ಕಾಳಿನ ಲೆಕ್ಕ, 100 ಗ್ರಾಂಗೆ 320 ಕ್ಯಾಲೊರಿ ಹತ್ತಿರ. ನಮ್ಮ ಹುಡುಗ ಮುದ್ದೆಯ ತೂಕವನ್ನೇ ಹಾಕಿಬಿಟ್ಟ. ಒಂದು ಕೆಜಿ ಹಿಟ್ಟು ಮೂರು ಕೆಜಿ ಮುದ್ದೆ ಆಗುತ್ತೆ ಅಲ್ವಾ, ಕ್ಯಾಲೊರಿ ಮೂರು ಪಟ್ಟಾಗಿ ಊರಿಗೆ ಊರೇ ಪೈಲ್ವಾನರಾದರು.

ಮೈಕೆಲಸ ಅಳೆಯಲು ತಂದ, ಹೆಜ್ಜೆ ಎಣಿಸುವ ಪೆಡೋಮೀಟರ್ ವಿಷಯ ಕೇಳಬೇಡಿ. ಹನ್ನೆರಡು ತಂದೆವು, ಒಂದೊಂದಕ್ಕೆ ಒಂಬೈನೂರು. ಒಂದು ನಾಲೆ ಪಾಲು, ಒಂದು ಬಟ್ಟೆ ಒಗೆಯುವ ಕಲ್ಲಿನ ಪಾಲು. ಎಪ್ಪತ್ತರ ಒಬ್ಬ ಅಜ್ಜಿ 22 ಸಾವಿರ ಹೆಜ್ಜೆ ಹಾಕಿದ್ದರು, ಮೊಮ್ಮಗ ಸೊಂಟಕ್ಕೆ ಸಿಕ್ಕಿಸಿಕೊಂಡು ಕುಣಿದಿದ್ದ. ನಿಜವಾದ ತೊಂದರೆ ಬೇರೆ. ದಿನವಿಡೀ ಬಗ್ಗಿ ನಾಟಿ ಹಾಕಿದವರದು ನಾಲ್ಕು ಸಾವಿರ ಹೆಜ್ಜೆ. ಬೆಳಗ್ಗೆ ಮೈಸೂರಿನ ಕುಕ್ಕರಹಳ್ಳಿ ಕೆರೆ ಸುತ್ತಿ ಆಮೇಲೆ ಕುರ್ಚಿಯಲ್ಲಿ ಕೂರುವ ನನ್ನ ಭಾವನದು ಒಂಬತ್ತು ಸಾವಿರ! ಪೆಡೋಮೀಟರ್ ಎತ್ತಿಟ್ಟೆ. ಡೇರಿಗೆ ಹಾಲು ಹಾಕಿದ್ದು, ಬುತ್ತಿ ಬಂದದ್ದು, ಸಂಜೆ ಬಸ್ಸು ಬಂದದ್ದು, ಇವುಗಳ ನಡುವೆ ಏನು ಕೆಲಸ ಮಾಡಿದಿರಿ ಅಂತ ಕೇಳಿ ಬರೆದೆ.

ರಕ್ತ ತೆಗೆಯುವ ದಿನ "ಏನೂ ತಿಂದಿಲ್ಲ ಸಾರ್, ಬರೀ ಒಂದ್ಲೋಟ ಕಾಫಿ" ಅಂದವರು ಹದಿನೆಂಟು ಜನ. ಮುಂದಿನ ಸಲದಿಂದ "ಕಾಫಿನೂ ಬೇಡ" ಅಂತ ಚೀಟಿ ಕೊಟ್ಟೆವು.

ಸುಮ್ನೆ ಕೂರದೆ ನನ್ನ ಮೇಲೂ ಒಂದು ಪ್ರಯೋಗ ಮಾಡಿದೆ. ವಿ.ಸಿ. ಫಾರ್ಮ್ ಅನ್ನುವ ಕೃಷಿ ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿ ಲಕ್ಷ್ಮಣಯ್ಯನವರು ಇಂಡಾಫ್ ಅನ್ನುವ ರಾಗಿ ತಳಿ ತೆಗೆದ ಜಿಲ್ಲೆ ನಮ್ಮದು, ಮುದ್ದೆ ತಿಂದರೆ ಸಕ್ಕರೆ ಏರಲ್ಲ ಅಂತ ಎಲ್ಲರ ನಂಬಿಕೆ. ಒಂದು ಗಂಟೆ ಬಿಟ್ಟು ಚುಚ್ಚಿ ನೋಡಿದರೆ ದೊಡ್ಡ ಮುದ್ದೆಗೂ ತಟ್ಟೆ ಅನ್ನಕ್ಕೂ ಅಂಥ ವ್ಯತ್ಯಾಸ ಕಾಣಲಿಲ್ಲ. ಉಂಡ ಕೂಡಲೇ ಕಾಲು ಗಂಟೆ ನಡೆದ ದಿನ ಮಾತ್ರ ಸಕ್ಕರೆ ಮೀಟರಿನಲ್ಲಿ 30 ಅಂಕದಷ್ಟು ಕಡಿಮೆ. ಸ್ಟ್ರಿಪ್ಪಿಗೇ ಸಾವಿರ ರೂಪಾಯಿ ಹೋಯಿತು, ಮನೆಯಲ್ಲಿ ಬೈಸಿಕೊಂಡೆ.

ಈಗ ಅದೇ ಸಾರ್ ಎರಡು ಸೆಟ್ ಉಂಡೆ ಕೇಳಿದ್ದಾರೆ. ಸೆಟ್ಟಿಗೆ ಎಂಟುನೂರು ಅಂದಿದ್ದೇನೆ. ದುಡ್ಡು ಇನ್ನೂ ಬಂದಿಲ್ಲ.