ತೆಂಗಿನ ತೋಟದಲ್ಲಿ ಏಳು ಮಕ್ಕಳು, ಪಂಪ್‌ಹೌಸಲ್ಲಿ ನಾನು

1989, ದಸರಾ ರಜೆ. ನಾನಾಗ ಒಂಬತ್ತನೇ ಕ್ಲಾಸು. ಚಿಕ್ಕಮಗಳೂರಲ್ಲಿ ಕಡೂರು ಬಸ್ಸು ಹತ್ತಿ ಸಖರಾಯಪಟ್ಟಣದಲ್ಲಿ ಇಳಿದು, ಅಲ್ಲಿಂದ ಅಯ್ಯನಕೆರೆಗೆ ನಡೆದೆವು. ಏಳು ಹುಡುಗರು, ಎರಡು ಪಾತ್ರೆ, ಒಂದು ಹಳೇ ಟಾರ್ಪಾಲು. ಜೊತೆಗೆ ದೊಡ್ಡವರು ಯಾರೂ ಇರಲಿಲ್ಲ. ನಮ್ಮ ಸ್ಕೌಟ್ ಮಾಸ್ಟರು ಬಸ್ ಸ್ಟ್ಯಾಂಡಿನ ತನಕ ಬಂದು ಒಂದು ಚೀಟಿ ಕೈಗಿಟ್ಟು, ನಾಳೆ ಸಾಯಂಕಾಲ ಆರರ ಒಳಗೆ ನಮ್ಮನೆ ಮುಂದೆ ನಿಂತಿರಬೇಕು ಅಂದರು, ಅಷ್ಟೇ. ಚೀಟಿಯಲ್ಲಿ ಐದೇ ಸಾಲು. ಏರಿಯಿಂದ ದೂರ ಮಲಗಿ. ನೀರಿಗೆ ಇಳಿಯಬೇಡಿ. ಬೆಂಕಿ ಆರಿಸಿ ಮಲಗಿ. ಊರಿನವರು ಕೇಳಿದರೆ ನಿಜ ಹೇಳಿ. ಉಪ್ಪು ಮರೀಬೇಡಿ.

ನಾವು ಉಪ್ಪು ಮರೆತೆವು.

ರಾತ್ರಿ ಕೆರೆಯ ನೀರುಗಂಟಿ ಕಂಬಳಿ ಹೊದ್ದುಕೊಂಡು ಬಂದ. ನಮ್ಮ ಉಪ್ಪಿಲ್ಲದ ಉಪ್ಪಿಟ್ಟನ್ನು ಒಂದು ತುತ್ತು ಬಾಯಿಗೆ ಹಾಕಿಕೊಂಡು, ಚೆನ್ನಾಗಿ ಬೈದು, ಮನೆಗೆ ಹೋಗಿ ಒಂದು ಹಿಡಿ ಉಪ್ಪು ತಂದುಕೊಟ್ಟ. ಇವರ ಮೇಲೊಂದು ಕಣ್ಣಿಡಪ್ಪ ಅಂತ ಮಾಸ್ಟರು ಅವನಿಗೆ ಮೊದಲೇ ಹೇಳಿಟ್ಟಿದ್ದರಂತೆ. ಅದು ನಮಗೆ ಗೊತ್ತಾಗಿದ್ದು ಎಷ್ಟೋ ವರ್ಷ ಆದಮೇಲೆ.

ಈಗ ನನಗೆ ಐವತ್ತು. ನಾನೇ ಸ್ಕೌಟ್ ಮಾಸ್ಟರ್ ಆಗಿ ಇಪ್ಪತ್ತು ವರ್ಷದ ಮೇಲಾಯಿತು. ಇವತ್ತು ನಾನು ಹಾಗೆ ಒಂದು ಚೀಟಿ ಕೊಟ್ಟು ಏಳು ಮಕ್ಕಳನ್ನು ಬಸ್ಸು ಹತ್ತಿಸಿದರೆ ಮಾರನೇ ದಿನ ಪೊಲೀಸ್ ಸ್ಟೇಷನ್ನಿನ ಬೆಂಚಿನ ಮೇಲೆ ಕೂತಿರುತ್ತೇನೆ. ಆದರೂ ಆ ರಾತ್ರಿಯ ಅರ್ಧದಷ್ಟಾದರೂ ಈಗಿನ ಮಕ್ಕಳಿಗೆ ಸಿಗಲಿ ಅಂತ ನಾನು ಏನೇನು ಮಾಡಿದೆ, ಎಲ್ಲೆಲ್ಲಿ ಎಡವಿದೆ ಅನ್ನೋದನ್ನ ಇಲ್ಲಿ ಬರೆಯುತ್ತಿದ್ದೇನೆ. ಬೇರೆ ಊರಿನ ಮಾಸ್ಟರುಗಳು, ಹುಡುಗಿಯರ ಗೈಡ್ ದಳದ ಕ್ಯಾಪ್ಟನ್ನುಗಳು ಫೋನ್ ಮಾಡಿ ಕೇಳುತ್ತಲೇ ಇರುತ್ತಾರೆ, ಒಂದೇ ಸಲ ಹೇಳಿಬಿಟ್ಟರೆ ಆಯಿತು.

ಮೊದಲು ಒಂದು ಮಾತು. ಸ್ಕೌಟಿಂಗ್ ಅಂದರೆ ಪೆಟ್ರೋಲ್. ಬಂಕಿನದಲ್ಲ! ಆರರಿಂದ ಎಂಟು ಮಕ್ಕಳ ಒಂದು ಗುಂಪು, ಅದಕ್ಕೆ ಅವರಲ್ಲೇ ಒಬ್ಬ ನಾಯಕ. 1907ರಲ್ಲಿ ಸ್ಕೌಟಿಂಗ್ ಶುರು ಮಾಡಿದ ಬೇಡನ್ ಪೊವೆಲ್ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪಕ್ಕೆ ಇಪ್ಪತ್ತು ಹುಡುಗರನ್ನು ಕರೆದುಕೊಂಡು ಹೋದಾಗ ಮೊದಲು ಮಾಡಿದ ಕೆಲಸವೇ ಅವರನ್ನು ನಾಲ್ಕು ಪೆಟ್ರೋಲ್ ಮಾಡಿದ್ದು. ಎರಡೇ ವರ್ಷದಲ್ಲಿ, 1909ರಲ್ಲಿ, ಅದು ನಮ್ಮ ಬೆಂಗಳೂರಿಗೂ ಬಂತು. ಗುಂಪಿನ ಜವಾಬ್ದಾರಿ ಗುಂಪಿನ ಹುಡುಗನದ್ದೇ, ದೊಡ್ಡವರು ದೂರದಲ್ಲಿ ಇರಬೇಕು. ಇಡೀ ವಿದ್ಯೆಯ ಗುಟ್ಟು ಇಷ್ಟೇ. ಗಂಟು, ಸಿಳ್ಳೆ, ಸ್ಕಾರ್ಫು, ಎಡಗೈ ಕುಲುಕುವುದು ಎಲ್ಲ ಆಮೇಲೆ.

ಈ ಗುಟ್ಟು ನಮ್ಮ ಕೈಯಿಂದ ಜಾರಿದ್ದು ಯಾವಾಗ ಅಂತ ನನ್ನನ್ನು ಕೇಳಿದರೆ, ಸದಸ್ಯರು ಜಾಸ್ತಿ ಆದಾಗ ಅಂತೀನಿ. ವಿಚಿತ್ರ ಅಲ್ವಾ? ನಾನು ಮೊದಲು ಒಂದು ಶಾಲೆಯ ದಳ ನೋಡಿಕೊಳ್ಳುತ್ತಿದ್ದೆ. ರಿಜಿಸ್ಟರಿನಲ್ಲಿ 32 ಹೆಸರು, ಅಂದರೆ ಭರ್ತಿ. ಮೈದಾನಕ್ಕೆ ಬರುವವರು ಹನ್ನೆರಡು. ಉಳಿದವರು ಎಲ್ಲಿ ಅಂದರೆ ಟ್ಯೂಷನ್ನು. ಹಾಗಾದರೆ ಹೆಸರು ಯಾಕೆ ಕೊಟ್ಟರು? ಸರ್ಟಿಫಿಕೇಟಿಗೆ. ಸಿಇಟಿಯಲ್ಲಿ ಸ್ಕೌಟ್ಸ್ ಮತ್ತು ಗೈಡ್ಸ್‌ಗೆ ವಿಶೇಷ ಕೋಟಾ ಇದೆ, ರೈಲ್ವೆ ಕೆಲಸಕ್ಕೂ ಇದೆ. ತಪ್ಪೇನಿಲ್ಲ, ಬಡವರ ಮಕ್ಕಳಿಗೆ ಅದರಿಂದ ದಾರಿ ಆಗಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಆದರೆ ಎಂಟನೇ ಕ್ಲಾಸಿನ ಹುಡುಗನ ಅಪ್ಪ ಬಂದು, ಸರ್, ಪ್ರಥಮ ಸೋಪಾನ ದ್ವಿತೀಯ ಸೋಪಾನ ಅಂತ ಮೆಟ್ಟಿಲೆಲ್ಲ ಬೇಗ ಬೇಗ ಮುಗಿಸಿ ರಾಜ್ಯ ಪುರಸ್ಕಾರದ ಸರ್ಟಿಫಿಕೇಟು ಯಾವಾಗ ಕೊಡಿಸ್ತೀರಿ ಅಂತ ಕೇಳಿದಾಗ, ನಾನು ಸ್ಕೌಟ್ ಮಾಸ್ಟರೋ ಕೋಚಿಂಗ್ ಸೆಂಟರಿನವನೋ ಅಂತ ಅನುಮಾನ ಬಂತು. ಹುಡುಗನಿಗೆ ಆಗ ಒಂದು ಕ್ಲೋವ್ ಹಿಚ್ ಗಂಟು ಹಾಕಲೂ ಬರುತ್ತಿರಲಿಲ್ಲ.

ಅದನ್ನು ಬಿಟ್ಟು ಟೌನಿನಲ್ಲಿ ಒಂದು ಓಪನ್ ಗ್ರೂಪ್ ಶುರು ಮಾಡಿದೆ. ಶಾಲೆಗೆ ಸೇರದ ದಳ, ಯಾವ ಶಾಲೆಯವರಾದರೂ ಬರಬಹುದು. ಮೊದಲ ಭಾನುವಾರ ಬಂದವರು ಐದು ಜನ. ಅದರಲ್ಲಿ ಒಬ್ಬ ನನ್ನ ಮಗ, ಅವನಿಗೆ ಬೇರೆ ದಾರಿ ಇರಲಿಲ್ಲ. ಈಗ ಹುಡುಗರ ಎರಡು ಪೆಟ್ರೋಲ್, ಹುಡುಗಿಯರ ಒಂದು ಇದೆ. ಹುಡುಗಿಯರನ್ನು ಸೇರಿಸಬೇಕೆಂದರೆ ಗೈಡ್ ಕ್ಯಾಪ್ಟನ್ ಆಗಿ ಒಬ್ಬ ಹೆಂಗಸು ಬೇಕು. ಒಬ್ಬ ನರ್ಸಮ್ಮ ಒಪ್ಪಿಕೊಂಡಿದ್ದು ನಮ್ಮ ಪುಣ್ಯ. ಹೊರದೇಶಗಳಲ್ಲಿ ಈ ವಿಷಯ ಬೇರೆ ದಾರಿ ಹಿಡಿದಿದೆ. ಇಂಗ್ಲೆಂಡಿನವರು 1991ರಿಂದ ಎಲ್ಲ ವಯಸ್ಸಿನ ಹುಡುಗಿಯರಿಗೂ ಬಾಗಿಲು ತೆರೆದರು. ಅಮೆರಿಕದವರು ತೀರಾ ಈಚೆಗೆ ಸೇರಿಸಿಕೊಂಡು, 2025ರಲ್ಲಿ ಸಂಸ್ಥೆಯ ಹೆಸರಿನಲ್ಲಿದ್ದ ‘ಬಾಯ್’ ಅನ್ನೋದನ್ನೇ ತೆಗೆದರು. ನಮ್ಮಲ್ಲಿ ಸ್ಕೌಟ್, ಗೈಡ್ ಬೇರೆ ಬೇರೆ, ಸಂಸ್ಥೆ ಮಾತ್ರ ಒಂದೇ, ಅದೂ 1951ರಿಂದಲೇ. ನನ್ನ ಕಣ್ಣಿಗೆ ಕಂಡ ಮಟ್ಟಿಗೆ ಹೇಳುವುದಾದರೆ, ಹುಡುಗಿಯರು ಉಪ್ಪು ಮರೆಯೋದಿಲ್ಲ.

ಸರಿ, ಶಿಬಿರದ ವಿಷಯಕ್ಕೆ ಬರ್ತೀನಿ.

ಮಕ್ಕಳೇ ಹೋಗಿ ಬಿಡಾರ ಹೂಡೋದು ನಿಂತಿದ್ದಕ್ಕೆ ಎಲ್ಲರೂ ಮೊಬೈಲನ್ನು ಬೈತಾರೆ. ನಮ್ಮ ಕಡೆ ಅದಕ್ಕಿಂತ ದೊಡ್ಡ ಕಾರಣ ಆನೆ. ಸಕಲೇಶಪುರ, ಆಲೂರು, ಬೇಲೂರು, ಈ ಕಡೆ ಮೂಡಿಗೆರೆ, ಆಲ್ದೂರು, ಎಲ್ಲಿ ನೋಡಿದರೂ ಕಾಫಿ ತೋಟದೊಳಗೆ ಆನೆ. 2022ರ ನವೆಂಬರಿನಲ್ಲಿ ಸರ್ಕಾರ ಹಾಸನ, ಚಿಕ್ಕಮಗಳೂರು, ಕೊಡಗು, ಮೈಸೂರಿಗೆ ಆನೆ ಕಾರ್ಯಪಡೆಗಳನ್ನೇ ಮಾಡಬೇಕಾಯಿತು. ಎಂಟು ಸಲ ಅಂಬಾರಿ ಹೊತ್ತ ಅರ್ಜುನನೇ 2023ರ ಡಿಸೆಂಬರಿನಲ್ಲಿ ಯಸಳೂರು ಕಾಡಿನಲ್ಲಿ ಕಾಡಾನೆ ಜೊತೆ ಕಾದಾಡಿ ಸತ್ತ. ಅಂಥ ಕಡೆ ನಾನು ಹದಿಮೂರರ ಹುಡುಗನನ್ನು ಟಾರ್ಪಾಲಿನ ಕೆಳಗೆ ಮಲಗಿಸಲಾ? ಆಗೋದಿಲ್ಲ. ಇದರ ಮೇಲೆ 2024ರ ಡಿಸೆಂಬರಿನಲ್ಲಿ ಮುರುಡೇಶ್ವರಕ್ಕೆ ಶಾಲಾ ಪ್ರವಾಸ ಹೋದ ನಾಲ್ಕು ಹುಡುಗಿಯರು ಸಮುದ್ರದ ಪಾಲಾದರು. ಆಮೇಲೆ ಯಾವ ಹೆಡ್‌ಮಾಸ್ಟರ ಹತ್ತಿರ ಹೋಗಿ ಶಿಬಿರ ಅಂದರೂ ಅವರ ಮುಖ ನೋಡೋ ಹಾಗಿರಲಿಲ್ಲ. ಅವರ ಭಯ ಸುಳ್ಳಲ್ಲ.

ಬೇರೆ ಕಡೆಯೂ ಇದೇ ಗೋಳು. ಅಮೆರಿಕದಲ್ಲಿ 2018ರ ಅಕ್ಟೋಬರಿನಿಂದ ಯಾವ ಚಟುವಟಿಕೆಗೂ ನೋಂದಾಯಿಸಿದ ಇಬ್ಬರು ದೊಡ್ಡವರು ಇರಲೇಬೇಕು. ಇಂಗ್ಲೆಂಡಿನವರ ದಾರಿ ನನಗೆ ಹೆಚ್ಚು ಹಿಡಿಸಿತು. ಅಲ್ಲಿ ಪರವಾನಗಿ ಇರುವ ನಾಯಕ ಮಕ್ಕಳ ತಯಾರಿ ನೋಡಿ, ಒಪ್ಪಿಗೆ ಆದರೆ ಒಂದು ಪಾಸ್‌ಪೋರ್ಟ್ ಕೊಡುತ್ತಾನೆ. ಆ ಒಂದು ಶಿಬಿರಕ್ಕೆ ಮಕ್ಕಳು ತಾವೇ ಹೋಗಬಹುದು. ನಾನು ಅದನ್ನೂ ನಮ್ಮ ನೀರುಗಂಟಿಯನ್ನೂ ಸೇರಿಸಿ ಒಂದು ಸಾರು ಮಾಡಿದೆ.

ಜಾಗ ಮೊದಲು. ಮಲೆನಾಡಿನ ಕಡೆ ಬೇಡ ಅಂತ ತೀರ್ಮಾನ ಮಾಡಿ, ಬಯಲುಸೀಮೆ ಕಡೆ ತಿರುಗಿದೆ. ಸಖರಾಯಪಟ್ಟಣದ ಹತ್ತಿರ ನನ್ನ ಸ್ನೇಹಿತನ ನಾಲ್ಕೆಕರೆ ತೆಂಗಿನ ತೋಟ ಇದೆ. ಸುತ್ತ ಬೇಲಿ, ಒಂದು ಬೋರ್‌ವೆಲ್, ಪಂಪ್‌ಹೌಸು. ಕೆರೆ, ಬಾವಿ ಹತ್ತಿರದಲ್ಲಿಲ್ಲ. ನಾನು ಪಂಪ್‌ಹೌಸಿನಲ್ಲಿ, ಮಕ್ಕಳು ತೋಟದ ಇನ್ನೊಂದು ಮೂಲೆಯಲ್ಲಿ. ಕೂಗಿದರೆ ಕೇಳಬೇಕು, ಕಣ್ಣಿಗೆ ಕಾಣಬಾರದು. ಮೂರು ಉದ್ದ ಸಿಳ್ಳೆ ಹೊಡೆದರೆ ಮಾತ್ರ ನಾನು ಬರೋದು. ಹುಡುಗಿಯರ ಶಿಬಿರಕ್ಕೆ ಕ್ಯಾಪ್ಟನ್ ಪಂಪ್‌ಹೌಸಲ್ಲಿ, ನಾನು ಹೊರಗೆ ಜಗುಲಿಯ ಮೇಲೆ. ಕಾಗದದಲ್ಲಿ ಇದು ನಾವು ನಡೆಸುವ ಶಿಬಿರವೇ, ಅನುಮತಿಯನ್ನೂ ಹಾಗೇ ತಗೊಳ್ಳೋದು. ಅಪ್ಪ ಅಮ್ಮಂದಿರಿಗೆ ಬರೆಯುವ ಪತ್ರದಲ್ಲಿ ನಾನು ಎಲ್ಲಿ ಮಲಗುತ್ತೇನೆ ಅನ್ನೋದನ್ನೂ ಬರೆಯುತ್ತೇನೆ. ಮುಚ್ಚಿಟ್ಟರೆ ಒಂದಲ್ಲ ಒಂದು ದಿನ ಕುತ್ತಿಗೆಗೆ ಬರುತ್ತದೆ.

ನೇರವಾಗಿ ಶಿಬಿರಕ್ಕೆ ಕಳಿಸಲಿಲ್ಲ. ಮೊದಲು ಒಂದು ಹಗಲು, ಅವರೇ ಬಸ್ಸಲ್ಲಿ ಹೋಗಿ ಸಂತೆಯಲ್ಲಿ ಸಾಮಾನು ತಂದು ಲೆಕ್ಕ ಒಪ್ಪಿಸಬೇಕು. ಆಮೇಲೆ ನಮ್ಮ ಮನೆ ಹಿತ್ತಲಲ್ಲಿ ಒಂದು ರಾತ್ರಿ. ಎರಡೇ ಕಡ್ಡಿಯಲ್ಲಿ ಒಲೆ ಹಚ್ಚಬೇಕು, ಅದು ಹಳೇ ಪರೀಕ್ಷೆ, ಈಗಲೂ ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ. ಗ್ಯಾಸ್ ಲೈಟರು ನೋಡಿ ಬೆಳೆದ ಮಕ್ಕಳು ಬೆಂಕಿಕಡ್ಡಿಯನ್ನು ಮೈಯಿಂದ ದೂರ ಹಿಡಿದು ಗೀರೋದನ್ನ ನೋಡಬೇಕು ನೀವು.

ಮೊದಲ ವರ್ಷ ಹೇಗಾಯಿತು ಅಂದರೆ, ಮೊಬೈಲೆಲ್ಲ ನನ್ನ ಚೀಲದಲ್ಲಿ ಹಾಕಿಸಿಕೊಂಡಿದ್ದೆ. ಒಬ್ಬ ಇನ್ನೊಂದನ್ನು ಸಾಕ್ಸ್ ಒಳಗೆ ಇಟ್ಟುಕೊಂಡಿದ್ದ. ಒಂಬತ್ತೂವರೆಗೆ ಅಮ್ಮನಿಗೆ ಫೋನ್ ಮಾಡಿ, ಮುದ್ದೆ ತಳ ಹಿಡಿದಿದೆ, ಗಂಟುಗಂಟಾಗಿದೆ ಅಂದಿದ್ದಾನೆ. ಅಷ್ಟೇ ಅಂದಿದ್ದು, ಪಾಪ. ಹನ್ನೊಂದು ಗಂಟೆಗೆ ತೋಟದ ಗೇಟಿನ ಮುಂದೆ ಕಾರು ನಿಂತಿತು, ಆಯಮ್ಮ ನಾಲ್ಕು ಅಂತಸ್ತಿನ ಕ್ಯಾರಿಯರ್ ಹಿಡಿದುಕೊಂಡು ಇಳಿದರು. ಅನ್ನ, ಸಾರು, ಪಲ್ಯ, ಮೇಲಿನ ಡಬ್ಬಿಯಲ್ಲಿ ಮೈಸೂರ್‌ಪಾಕು. ಏನು ಮಾಡ್ತೀರಿ? ನಾನೂ ಒಂದು ಮೈಸೂರ್‌ಪಾಕು ತಿಂದೆ. ಮುಂದಿನ ವರ್ಷದಿಂದ ನಾಯಕನ ಚೀಲದಲ್ಲಿ ಒಂದು ಕೀಪ್ಯಾಡ್ ಫೋನು, ಟೇಪು ಸುತ್ತಿದ ಕವರಿನಲ್ಲಿ. ಟೇಪು ಕಿತ್ತರೆ ಯಾಕೆ ಕಿತ್ತೆ ಅಂತ ಹೇಳಬೇಕು. ಮತ್ತೆ, ಶಿಬಿರಕ್ಕೆ ಮುಂಚೆ ಅಮ್ಮಂದಿರನ್ನೂ ಒಮ್ಮೆ ತೋಟಕ್ಕೆ ಕರೆದುಕೊಂಡು ಹೋಗಿ ತೋರಿಸಿಬಿಡುತ್ತೇನೆ. ಜಾಗ ನೋಡಿದ ಮೇಲೆ ಅವರ ಎದೆಬಡಿತ ಕಮ್ಮಿ ಆಗುತ್ತದೆ.

ಎರಡನೇ ವರ್ಷದ್ದು ನಾನು ಮರೆಯೋ ಹಾಗಿಲ್ಲ. ಬಂದ ಕೂಡಲೇ ಹುಡುಗರು ತೆಂಗಿನ ಮರದ ಬುಡದಲ್ಲೇ ಟಾರ್ಪಾಲು ಬಿಚ್ಚಿದರು. ನೆರಳು ಚೆನ್ನಾಗಿದೆ ಸರ್ ಅಂದರು. ಮೇಲೆ ನೋಡಿ ಅಂದೆ. ನೋಡಿದರು, ಬಲಿತ ಗೊನೆ, ತೆಪ್ಪಗೆ ಸಾಲಿನ ಆಚೆ ಖಾಲಿ ಜಾಗಕ್ಕೆ ಸರಿದರು. ತಲೆ ಒಡೆಯೋ ವಿಷಯ ಮಾತ್ರ ಹೇಳೋದು, ಬಟ್ಟೆ ನೆನೆಯೋ ವಿಷಯ ಹೇಳೋದಿಲ್ಲ ಅಂತ ನಾನು ಮೊದಲೇ ಲೆಕ್ಕ ಹಾಕಿಕೊಂಡಿದ್ದೆ. ಹಾಗಾಗಿ ಅವರು ಒಂದು ಗೂಟವನ್ನು ಸರಿಯಾಗಿ ಡ್ರಿಪ್ ಪೈಪಿನ ಮೇಲೆ ಹೊಡೆಯುತ್ತಿದ್ದರೂ ನಾನು ಬಾಯಿ ಬಿಡಲಿಲ್ಲ. ಪೈಪಿನಲ್ಲಿ ಆಗ ನೀರಿರಲಿಲ್ಲ. ನಮ್ಮೂರ ಕಡೆ ತ್ರೀ ಫೇಸ್ ಕರೆಂಟು ಯಾವಾಗ ಬರುತ್ತದೆ ಅಂತ ಗೊತ್ತಲ್ಲ, ಮೋಟರಿಗೆ ಎಲ್ಲರೂ ಆಟೋ ಸ್ಟಾರ್ಟರ್ ಹಾಕಿಟ್ಟಿರುತ್ತಾರೆ. ಬೆಳಗಿನ ಜಾವ ನಾಲ್ಕಕ್ಕೆ ನನ್ನ ಕಿವಿ ಪಕ್ಕ ಸ್ಟಾರ್ಟರ್ ಟಪ್ ಅಂತು. ಎರಡು ನಿಮಿಷ ಕಳೆಯಿತು. ಆಮೇಲೆ ಆ ಮೂಲೆಯಿಂದ ಕೂಗಾಟ.

ನಾನು ಟಾರ್ಚ್ ಹಿಡಿದು ಹೊಸ್ತಿಲ ಮೇಲೆ ನಿಂತೆ. ಸಿಳ್ಳೆ ಬರಲಿಲ್ಲ. ಸಿಳ್ಳೆ ಬರಲಿ ಅಂತ ಕಾದೆ, ನಿಜ ಹೇಳಬೇಕೆಂದರೆ ಬರಲಿ ಅಂತ ಆಸೆಯೂ ಇತ್ತು. ಅಲ್ಲಿ ಒಬ್ಬ ತೂತಿಗೆ ಹೆಬ್ಬೆರಳು ಒತ್ತಿ ಕೂತಿದ್ದನಂತೆ. ಇಬ್ಬರು ಹೊದಿಕೆಗಳನ್ನು ಎತ್ತಿ ಬೇಲಿಗೆ ನೇತುಹಾಕಿದರು. ಇನ್ನೊಬ್ಬ, ಲಕ್ಯಾ ಕಡೆಯ ರೈತರ ಮನೆ ಹುಡುಗ, ಮೀಟಿಂಗಿನಲ್ಲಿ ಬಾಯೇ ಬಿಡದವನು, ಪೈಪು ಹಿಡಿದುಕೊಂಡೇ ಕತ್ತಲಲ್ಲಿ ನಡೆದು ಹೋಗಿ ಆ ಸಾಲಿನ ಗೇಟ್ ವಾಲ್ವ್ ಹುಡುಕಿ ತಿರುಗಿಸಿದ. ಕೂಗಾಟ ನಿಂತಿತು, ನಗು ಶುರುವಾಯಿತು. ಬೆಳಗ್ಗೆ ನೋಡಿದರೆ ಸೈಕಲ್ ಟ್ಯೂಬಿನ ತುಂಡು ಸುತ್ತಿ ತೂತು ಕಟ್ಟಿದ್ದಾರೆ. ಅದೇ ಹುಡುಗನಿಗೆ ನಾನು ಮೂರು ವಾರ ಬೋಲೈನ್ ಗಂಟು ಹೇಳಿಕೊಡಲು ಒದ್ದಾಡಿದ್ದೆ. ಕೊನೆಗೆ ಅವನೇ, ಸರ್ ಇದು ನಮ್ಮ ಹಸುವಿನ ಕೊರಳಿಗೆ ಹಾಕೋ ಗಂಟೇ ಅಲ್ವಾ ಅಂತ ಕಣ್ಣು ಮುಚ್ಚಿ ಹಾಕಿ ತೋರಿಸಿದ್ದ. ಪೈಪಿನ ದುಡ್ಡು ಕೊಡಲು ಹೋದರೆ ನನ್ನ ಸ್ನೇಹಿತ ತಗೊಳ್ಳಲಿಲ್ಲ.

ಖರ್ಚು ಜಾಸ್ತಿ ಏನಿಲ್ಲ. ಅಕ್ಕಿ, ರಾಗಿಹಿಟ್ಟು, ತರಕಾರಿ, ಬಸ್ ಚಾರ್ಜು. ಸೌದೆ ಕೊಳ್ಳೋದೇ ಬೇಡ, ಸೋಗೆ, ಮಟ್ಟೆ, ಕರಟ ತೋಟದಲ್ಲೇ ಬಿದ್ದಿರುತ್ತದೆ. ಜನವರಿ ತಿಂಗಳು ಒಳ್ಳೆಯದು, ಮಳೆ ಇಲ್ಲ, ಚಳಿ ಇದ್ದರೆ ಇರಲಿ. ಪ್ರಥಮ ಚಿಕಿತ್ಸೆ ಪೆಟ್ಟಿಗೆ ಎರಡು ಇಡಿ, ಒಂದು ಅವರ ಹತ್ತಿರ, ಒಂದು ನಿಮ್ಮ ಹತ್ತಿರ. ಹತ್ತಿರದ ಆಸ್ಪತ್ರೆಗೆ ಒಮ್ಮೆ ನೀವೇ ಗಾಡಿ ಓಡಿಸಿ ಎಷ್ಟು ನಿಮಿಷ ಅಂತ ನೋಡಿಕೊಳ್ಳಿ. ಹಾವಿನ ಭಯಕ್ಕೆ ಮೂಟೆಗಳನ್ನು ನೆಲದ ಮೇಲೆ ಬಿಡಬಾರದು, ಕತ್ತಲಲ್ಲಿ ಬರಿಗಾಲಲ್ಲಿ ಓಡಾಡಬಾರದು.

ಈ ಕೊನೆಯದನ್ನು ನಾನೇ ಮುರಿದೆ. ಹೋದ ಜನವರಿಯಲ್ಲಿ ಹುಡುಗಿಯರ ಪೆಟ್ರೋಲ್ ಮೊದಲ ಸಲ ಬಂದಿತ್ತು. ಹತ್ತರ ತನಕ ಹಾಡು, ಆಮೇಲೆ ಜಗಳ, ಆಮೇಲೆ ಎಲ್ಲೋ ನಾಯಿ, ಆಮೇಲೆ ಏನೂ ಇಲ್ಲ. ಆ ಏನೂ ಇಲ್ಲದ್ದು ಇದೆಯಲ್ಲ, ಅದು ಜೀವ ತಿನ್ನುತ್ತದೆ. ಎರಡು ಗಂಟೆ ಹೊತ್ತಿಗೆ ತಡೆಯಲಾಗದೆ, ಚಪ್ಪಲಿ ಸದ್ದಾಗುತ್ತದೆ ಅಂತ ಕೈಯಲ್ಲಿ ಹಿಡಿದುಕೊಂಡು, ಟಾರ್ಚನ್ನೂ ಹಾಕದೆ ಅರ್ಧ ದಾರಿ ನಡೆದೆ. ಕೆಂಡ ಕಾಣಿಸಿತು. ಅಲ್ಲೇ ಸ್ವಲ್ಪ ಹೊತ್ತು ನಿಂತು ವಾಪಸ್ ಬಂದು ಮಲಗಿದೆ. ಕ್ಯಾಪ್ಟನ್ನಿಗೂ ಹೇಳಲಿಲ್ಲ.

ಶಿಬಿರ ಮುಗಿದ ಮೇಲೆ ಲಾಗ್ ಬುಕ್ ಓದಿ ಸಹಿ ಹಾಕೋದು ನನ್ನ ಕೆಲಸ. ಸರದಿ ಕಾವಲಿನ ಪುಟದಲ್ಲಿ, ಎಂಟನೇ ಕ್ಲಾಸಿನ ಹುಡುಗಿಯ ದುಂಡನೆ ಅಕ್ಷರ: “2.10. ಸರ್ ಐದನೇ ಸಾಲಿನ ತನಕ ಬಂದರು. ಕೆಮ್ಮಿದರು. ಹೋದರು. ಬೆಂಕಿ ಆರಿಸಿಲ್ಲ ಅಂತ ಬೈಯಬಹುದು ಅಂದುಕೊಂಡೆವು, ಬೈಯಲಿಲ್ಲ.” ಅದರ ಕೆಳಗೆ ನಾಯಕಿ ಬೇರೆ ಪೆನ್ನಿನಲ್ಲಿ ಬರೆದಿದ್ದಳು: “ಮುಂದಿನ ಸಲ ಸರ್ ಚಪ್ಪಲಿ ಹಾಕಿಕೊಂಡು ಬರಬೇಕು.”